ಕೈತಪ್ಪಿದ ನಡೆಗಳನ್ನು ಎತ್ತಿ ತೋರಿಸುವ ಹಲಗೆ: ಲಿಚೆಸ್‌ನ ಆಟ ವಿಶ್ಲೇಷಣೆ

ಕಳೆದ ಬೇಸಿಗೆಯಲ್ಲಿ ಆಡಿದ ಒಂದು ಚದುರಂಗ ರೇಟಿಂಗ್ ಪಂದ್ಯಾವಳಿಯ ಐದನೆಯ ಸುತ್ತಿನ ಸ್ಕೋರ್‌ಶೀಟ್, ಎಂದರೆ ನಡೆಗಳನ್ನು ಬರೆದುಕೊಂಡ ಹಾಳೆ, ಇನ್ನೂ ನನ್ನ ಮೇಜಿನ ಮೇಲಿದೆ. ಕಾರ್ಬನ್ ಪ್ರತಿಯಾದ್ದರಿಂದ ಅಕ್ಷರಗಳು ಮಸುಕಾಗಿವೆ. ನಲವತ್ತನೆಯ ನಡೆ ದಾಟಿದ ಮೇಲೆ ಬರವಣಿಗೆ ಗೆರೆ ಬಿಟ್ಟು ಓರೆಯಾಗಿದೆ. 62ನೆಯ ನಡೆಯ ಕೆಳಗೆ ಇಬ್ಬರ ಸಹಿಯಿದೆ. ಸೋತ ಆಟದ ಹಾಳೆಯನ್ನು ಮತ್ತೆ ಬಿಡಿಸಿ ನೋಡಲು ಯಾರಿಗೂ ಸುಲಭವಾಗಿ ಮನಸ್ಸು ಬರುವುದಿಲ್ಲ, ನನಗೂ ಎರಡು ದಿನ ಬರಲಿಲ್ಲ. ಮೂರನೆಯ ದಿನ ಸಂಜೆ ಕುಳಿತು ಆ ನಡೆಗಳನ್ನೆಲ್ಲ ಒಂದೊಂದಾಗಿ ಲಿಚೆಸ್ ತಾಣದ ಹಲಗೆಯ ಮೇಲೆ ಆಡಿಸಿ, ಕಂಪ್ಯೂಟರ್ ವಿಶ್ಲೇಷಣೆಯನ್ನು ಕೇಳಿದೆ. ಅಂದಿನಿಂದ ಗೆದ್ದದ್ದನ್ನೂ ಸೋತದ್ದನ್ನೂ ಬಿಡದೆ ನನ್ನ ಎಲ್ಲ ಗಂಭೀರ ಆಟಗಳನ್ನು ಅಲ್ಲಿಗೆ ಹಾಕುತ್ತಾ ಬಂದಿದ್ದೇನೆ. ಚದುರಂಗವನ್ನು ಸ್ಪರ್ಧೆಯಾಗಿ ಆಡುವ ಹವ್ಯಾಸಿಗಳಿಗೆ ಮತ್ತು ಮಕ್ಕಳನ್ನು ಪಂದ್ಯಾವಳಿಗಳಿಗೆ ಕರೆದುಕೊಂಡು ಹೋಗುವ ತಂದೆತಾಯಿಗಳಿಗೆ ಈ ಸೇವೆ ಎಷ್ಟು ಉಪಯೋಗ, ಎಲ್ಲಿ ಅದನ್ನು ನಂಬಬೇಕು, ಎಲ್ಲಿ ನಂಬಬಾರದು ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಲಿಚೆಸ್ 2010ರಲ್ಲಿ ಫ್ರಾನ್ಸಿನ ಪ್ರೋಗ್ರಾಮರ್ ತಿಬೋ ಡುಪ್ಲೆಸಿ ಆರಂಭಿಸಿದ ತಾಣ. ಈಗ ಅದು ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ, ದೇಣಿಗೆಯ ಹಣದಿಂದ ನಡೆಯುತ್ತಿದೆ. ಅದರಲ್ಲಿ ಜಾಹೀರಾತು ಇಲ್ಲ, ಹಣ ಕೊಟ್ಟವರಿಗೆ ಮಾತ್ರ ತೆರೆಯುವ ವಿಭಾಗವೂ ಇಲ್ಲ. ದೇಣಿಗೆ ಕೊಟ್ಟವರ ಹೆಸರಿನ ಪಕ್ಕದಲ್ಲಿ ರೆಕ್ಕೆಯ ಚಿಹ್ನೆಯೊಂದು ಕಾಣಿಸಿಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ. ವಿಶ್ಲೇಷಣೆ ಮಾಡುವುದು ಸ್ಟಾಕ್‌ಫಿಶ್ ಎಂಬ ಎಂಜಿನ್, ಎಂದರೆ ಚದುರಂಗದ ನಡೆಗಳನ್ನು ಲೆಕ್ಕ ಹಾಕುವ ತಂತ್ರಾಂಶ. ಅದೂ ಎಲ್ಲರಿಗೂ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶವೇ. ನಾವು ವಿಶ್ಲೇಷಣೆಯ ಗುಂಡಿ ಒತ್ತಿದಾಗ ನಮ್ಮ ಆಟವು ಜಗತ್ತಿನ ಬೇರೆ ಬೇರೆ ಕಡೆ ಸ್ವಯಂಸೇವಕರು ಈ ಕೆಲಸಕ್ಕೆಂದೇ ಬಿಟ್ಟುಕೊಟ್ಟಿರುವ ಕಂಪ್ಯೂಟರ್‌ಗಳಿಗೆ ಹೋಗಿ, ಅಲ್ಲಿ ಲೆಕ್ಕವಾಗಿ, ಸ್ವಲ್ಪ ಹೊತ್ತಿನಲ್ಲೇ ಮರಳಿ ಬರುತ್ತದೆ. ಯಾರೋ ಪರಿಚಯವಿಲ್ಲದವರ ಮನೆಯ ಯಂತ್ರ ಮೈಸೂರಿನಲ್ಲಿ ಕುಳಿತ ನನ್ನ ಸೋಲಿನ ಕಾರಣ ಹುಡುಕಿ ಕೊಡುತ್ತದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಕೃತಜ್ಞತೆ ಮೂಡುತ್ತದೆ.

ವಿಶ್ಲೇಷಣೆ ಬಂದ ಮೇಲೆ ಹಲಗೆಯ ಕೆಳಗೆ ಒಂದು ಗ್ರಾಫ್ ತೆರೆದುಕೊಳ್ಳುತ್ತದೆ. ಬಿಳಿಯರಿಗೆ ಅನುಕೂಲವಾದಾಗ ಗೆರೆ ಮೇಲೇರುತ್ತದೆ, ಕಪ್ಪಿಗೆ ಅನುಕೂಲವಾದಾಗ ಕೆಳಗಿಳಿಯುತ್ತದೆ. ನಮ್ಮ ತಪ್ಪುಗಳನ್ನು ಅದು ಮೂರು ದರ್ಜೆಯಲ್ಲಿ ಎಣಿಸುತ್ತದೆ: ಸಣ್ಣ ಎಡವಟ್ಟು, ತಪ್ಪು, ಮತ್ತು ಆಟಗಾರರೆಲ್ಲ ಬ್ಲಂಡರ್ ಎಂದೇ ಕರೆಯುವ ಘೋರ ತಪ್ಪು. ಈ ದರ್ಜೆಗಳನ್ನು ಕಾಯಿಗಳ ಬೆಲೆಯ ನೇರ ಲೆಕ್ಕದಿಂದ ಕೊಡುವುದಿಲ್ಲ ಎಂಬುದನ್ನು ಬಳಕೆದಾರರು ತಿಳಿದಿರಬೇಕು. ಯಾರು ಎಷ್ಟು ಪದಾತಿಯಷ್ಟು ಮುಂದಿದ್ದಾರೆ ಎಂದು ಎಂಜಿನ್ ಹೇಳುವ ಅಂಕವನ್ನು ಮೊದಲು ಗೆಲ್ಲುವ ಸಾಧ್ಯತೆಯಾಗಿ ಪರಿವರ್ತಿಸಿ, ಒಂದು ನಡೆಯಿಂದ ಆ ಸಾಧ್ಯತೆ ಎಷ್ಟು ಕುಸಿಯಿತು ಎಂಬುದರ ಮೇಲೆ ದರ್ಜೆ ನಿರ್ಧಾರವಾಗುತ್ತದೆ. ಹೀಗಾಗಿ ಸಮಸಮವಾಗಿದ್ದ ಆಟದಲ್ಲಿ ಸುಮಾರು 1.7 ಪದಾತಿಯಷ್ಟು ಕಳೆದುಕೊಂಡರೂ ಅದು ಬ್ಲಂಡರ್ ಎನಿಸಿಕೊಳ್ಳುತ್ತದೆ. ಆದರೆ 9 ಪದಾತಿಯಷ್ಟು ಮುಂದಿದ್ದವರು 6ಕ್ಕೆ ಇಳಿದರೆ ಸಣ್ಣ ಎಡವಟ್ಟು ಎಂದಷ್ಟೇ ಗುರುತು ಬೀಳುತ್ತದೆ. ಇದು ನ್ಯಾಯವಾದ ಲೆಕ್ಕ. ಗೆದ್ದ ಆಟವನ್ನು ಸ್ವಲ್ಪ ಸುತ್ತು ಹಾಕಿ ಗೆದ್ದವರನ್ನು ಶಿಕ್ಷಿಸುವುದರಲ್ಲಿ ಅರ್ಥವಿಲ್ಲ. ಆದರೂ ಇದೇ ಲೆಕ್ಕದಿಂದ ಒಂದು ತೊಂದರೆಯೂ ಹುಟ್ಟುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ನನ್ನ ಮಟ್ಟಿಗೆ ಈ ಗ್ರಾಫ್‌ನ ಅತಿ ಮುಖ್ಯವಾದ ಭಾಗ ಅದರ ಏರಿಳಿತಗಳಲ್ಲ, ಅದರ ಮುಳ್ಳುಗಳು. ಗೆರೆಯು ಒಂದೇ ಒಂದು ನಡೆಯ ಮಟ್ಟಿಗೆ ಚೂಪಾಗಿ ಕೆಳಗಿಳಿದು, ಮರುನಡೆಯಲ್ಲೇ ಇದ್ದಲ್ಲಿಗೆ ವಾಪಸಾದರೆ ಅಲ್ಲಿ ಒಂದು ಮುಳ್ಳು ಮೂಡುತ್ತದೆ. ಅದರ ಅರ್ಥ, ಒಬ್ಬರು ಘೋರ ತಪ್ಪು ಮಾಡಿದರು, ಇನ್ನೊಬ್ಬರು ಅದನ್ನು ಕಾಣಲೇ ಇಲ್ಲ. ಸ್ಕೋರ್‌ಶೀಟ್ ನೋಡಿ ನೆನಪು ಮಾಡಿಕೊಂಡರೆ ಇಂಥ ಜಾಗಗಳು ಎಂದೂ ಹೊಳೆಯುವುದಿಲ್ಲ, ಏಕೆಂದರೆ ಆಟದ ಹೊತ್ತಿನಲ್ಲಿ ಅಲ್ಲಿ ಏನೂ ಆಗಿರುವುದಿಲ್ಲ. ಕಾಯಿ ಹೋಗಿರುವುದಿಲ್ಲ, ಯಾರ ಎದೆಯೂ ಹೊಡೆದುಕೊಂಡಿರುವುದಿಲ್ಲ. ನಾವು ಮಾಡಿದ ತಪ್ಪುಗಳನ್ನು ಎದುರಾಳಿಗಳು ಹೊಡೆದು ತೋರಿಸುತ್ತಾರೆ; ನಾವು ಬಿಟ್ಟ ಅವಕಾಶಗಳನ್ನು ತೋರಿಸುವವರು ಯಾರೂ ಇರುವುದಿಲ್ಲ.

ಐದನೆಯ ಸುತ್ತಿನ ಆ ಆಟದಲ್ಲಿ 31ನೆಯ ನಡೆಯ ಮೇಲೆ ಅಂಥದ್ದೊಂದು ಮುಳ್ಳು ಇತ್ತು. ನಾನು ಕಪ್ಪು. ಎದುರಾಳಿ ತಮ್ಮ ಮೊದಲ ಸಾಲನ್ನು ಕಾಯುತ್ತಿದ್ದ ಆನೆಯನ್ನು ಎತ್ತಿ ಬಿ7 ಮನೆಗೆ (ಅಕ್ಷರ ಉದ್ದ ಸಾಲಿನದು, ಅಂಕೆ ಅಡ್ಡ ಸಾಲಿನದು) ಇಟ್ಟರು, ನನ್ನ ಪದಾತಿಯ ಮೇಲೆ ಬೀಳುವ ಉದ್ದೇಶದಿಂದ. ನಾನು ಎಂಟು ನಿಮಿಷ ಯೋಚಿಸಿ ಆ ಪದಾತಿಯನ್ನು ಕಾಪಾಡಿಕೊಂಡೆ. ನನ್ನ ಮಂತ್ರಿಯನ್ನು ಡಿ1ಕ್ಕೆ ಇಳಿಸಿ ಚೆಕ್ ಕೊಟ್ಟಿದ್ದರೆ ಅವರ ಮಂತ್ರಿ ಅದನ್ನು ಹೊಡೆಯಲೇಬೇಕಿತ್ತು, ಹೊಡೆದ ಕೂಡಲೇ ಹಿಂದಿದ್ದ ನನ್ನ ಆನೆ ಬಂದು ಅದೇ ಮನೆಯಲ್ಲಿ ಚೆಕ್‌ಮೇಟ್ ಮಾಡುತ್ತಿತ್ತು. ಮೂರು ಪದಾತಿಗಳ ಹಿಂದೆ ಸಿಕ್ಕಿಕೊಂಡ ರಾಜನಿಗೆ ಓಡಲು ದಾರಿ ಇರಲಿಲ್ಲ. ಎರಡು ನಡೆಯ ಮೇಟ್, ಪುಸ್ತಕದ ಮೊದಲ ಅಧ್ಯಾಯದಲ್ಲೇ ಬರುವಂಥದ್ದು. ಇದೇ ಸ್ಥಿತಿಯನ್ನು ಒಗಟಾಗಿ ಕೊಟ್ಟಿದ್ದರೆ ನಾನು ಐದು ಸೆಕೆಂಡಿನಲ್ಲಿ ಬಿಡಿಸುತ್ತಿದ್ದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮತ್ತೇಕೆ ಕಾಣಲಿಲ್ಲ ಎಂದು ಆ ಸಂಜೆ ಬಹಳ ಹೊತ್ತು ಯೋಚಿಸಿದೆ. ಎದುರಾಳಿಯ ರೇಟಿಂಗ್ ನನ್ನದಕ್ಕಿಂತ ಬಹಳ ಹೆಚ್ಚಿತ್ತು. ಅವರು ಆನೆಯನ್ನು ಎತ್ತಿಟ್ಟಾಗ ಆ ನಡೆ ಸರಿಯೇ ಇರುತ್ತದೆ ಎಂದು ನಾನು ಒಪ್ಪಿಕೊಂಡುಬಿಟ್ಟಿದ್ದೆ, ಅದರಿಂದ ನನಗೇನು ಅಪಾಯ ಎಂಬುದನ್ನಷ್ಟೇ ಹುಡುಕಿದೆ.

ದೊಡ್ಡವರಿಗೂ ಹೀಗಾಗುತ್ತದೆ ಎಂಬುದಕ್ಕೆ ನಮ್ಮ ಕಾಲದಲ್ಲೇ ಪ್ರಸಿದ್ಧವಾದ ಸಾಕ್ಷಿಯಿದೆ. 2014ರ ನವೆಂಬರ್‌ನಲ್ಲಿ ರಷ್ಯಾದ ಸೋಚಿಯಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ವಿಶ್ವನಾಥನ್ ಆನಂದ್ ನಡುವೆ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಆರನೆಯ ಆಟ. ಸೇವೆಯನ್ನು ಪರೀಕ್ಷಿಸಲೆಂದು ನಾನು ಆ ಆಟವನ್ನೂ ಹಾಕಿ ನೋಡಿದೆ, ಗ್ರಾಫ್‌ನಲ್ಲಿ ಮುಳ್ಳು ಎದ್ದು ಕಾಣುತ್ತದೆ. ಬಿಳಿ ಆಡುತ್ತಿದ್ದ ಕಾರ್ಲ್‌ಸನ್ 26ನೆಯ ನಡೆಯಲ್ಲಿ ರಾಜನನ್ನು ಡಿ2ಕ್ಕೆ ತಂದರು. ಆಗ ಆನಂದ್ ಅವರ ಕುದುರೆ ಜಿ6ರಿಂದ ಜಿಗಿದು ಇ5ರ ಪದಾತಿಯನ್ನು ಹೊಡೆಯಬಹುದಾಗಿತ್ತು. ಕುದುರೆ ಸರಿದೊಡನೆ ಜಿ ಸಾಲು ತೆರೆದುಕೊಂಡು ಆನೆಗಳು ಮುಖಾಮುಖಿಯಾಗುತ್ತವೆ. ಕಾರ್ಲ್‌ಸನ್ ಆನೆಯನ್ನು ಹೊಡೆದರೆ ಕುದುರೆ ಸಿ4ರ ಪದಾತಿಯನ್ನು ಹೊಡೆದು ರಾಜನಿಗೆ ಚೆಕ್ ಕೊಡುತ್ತದೆ, ಆಮೇಲೆ ಇನ್ನೊಂದು ಚೆಕ್ ಕೊಟ್ಟು ನಿಧಾನವಾಗಿ ಆನೆಯನ್ನು ವಾಪಸು ಹೊಡೆಯುತ್ತದೆ ಕಪ್ಪು, ಎರಡು ಪದಾತಿಗಳ ಲಾಭದೊಂದಿಗೆ. ರಾಜ ಡಿ2ಕ್ಕೆ ಬಂದದ್ದರಿಂದಲೇ ಆ ಚೆಕ್ ಹುಟ್ಟಿತ್ತು. ಆನಂದ್ ಎ ಸಾಲಿನ ಪದಾತಿಯನ್ನು ಮುಂದೂಡಿದರು. ಅವಕಾಶ ಹೋಯಿತು, ಆಟವೂ 38 ನಡೆಗಳಲ್ಲಿ ಹೋಯಿತು. ಸಮವಾಗಿದ್ದ ಪಂದ್ಯ 3.5–2.5 ಆಯಿತು, ಕೊನೆಗೆ 6.5–4.5ರಿಂದ ಕಾರ್ಲ್‌ಸನ್ ಪಟ್ಟ ಉಳಿಸಿಕೊಂಡರು. ಆ ಸಂಜೆ ಟಿವಿ ಮತ್ತು ಕಂಪ್ಯೂಟರ್‌ಗಳ ಮುಂದೆ ಕುಳಿತಿದ್ದ ನಮಗೆಲ್ಲ ಎಂಜಿನ್ ಜೊತೆಗಿದ್ದುದರಿಂದ ಆ ಕುದುರೆಯ ನಡೆ ತಕ್ಷಣ ಕಂಡಿತ್ತು, ಮತ್ತು ನಾವು ಕೂಗಿಕೊಂಡಿದ್ದೆವು. ಹಲಗೆಯ ಮುಂದೆ ಕುಳಿತವರಿಗೆ ‘ಈಗ ಇಲ್ಲೊಂದು ಅವಕಾಶವಿದೆ’ ಎಂದು ಯಾರೂ ಹೇಳುವುದಿಲ್ಲ ಎಂಬ ಸರಳ ಸಂಗತಿ ನನಗೆ ಅರ್ಥವಾದದ್ದು ಬಹಳ ವರ್ಷಗಳ ನಂತರ, ನನ್ನದೇ ಮುಳ್ಳನ್ನು ನೋಡಿದಾಗ.

ಹಾಗಾದರೆ ಇದನ್ನು ತಿದ್ದಿಕೊಳ್ಳಲು ಈ ಸೇವೆ ಏನು ಕೊಡುತ್ತದೆ? ನನ್ನ ದೃಷ್ಟಿಯಲ್ಲಿ ಇಡೀ ತಾಣದ ಅತ್ಯುತ್ತಮ ಭಾಗ, ಗ್ರಾಫ್‌ನ ಬಳಿಯೇ ಇರುವ ‘ನಿಮ್ಮ ತಪ್ಪುಗಳಿಂದ ಕಲಿಯಿರಿ’ ಎಂಬ ಅರ್ಥದ ಗುಂಡಿ. ಅದನ್ನು ಒತ್ತಿದರೆ ಎಂಜಿನ್ ತನ್ನ ಉತ್ತರಗಳನ್ನೆಲ್ಲ ಮುಚ್ಚಿಟ್ಟುಕೊಂಡು, ನಮ್ಮ ಮೊದಲ ತಪ್ಪಿನ ಹಿಂದಿನ ಸ್ಥಿತಿಯನ್ನು ಹಲಗೆಯ ಮೇಲೆ ನಿಲ್ಲಿಸಿ, ಇಲ್ಲಿ ನೀವು ಇಂಥ ನಡೆ ಆಡಿದಿರಿ, ಇದಕ್ಕಿಂತ ಒಳ್ಳೆಯದನ್ನು ಹುಡುಕಿ ಎಂದು ಕೇಳುತ್ತದೆ. ಹುಡುಕಿದ್ದು ಸರಿಯಿದ್ದರೆ ಮುಂದಿನ ತಪ್ಪಿಗೆ ಕರೆದೊಯ್ಯುತ್ತದೆ, ಇಲ್ಲವಾದರೆ ಇನ್ನೂ ಚೆನ್ನಾಗಿ ಆಡಬಹುದು ಎಂದು ಮತ್ತೆ ಪ್ರಯತ್ನಿಸಲು ಬಿಡುತ್ತದೆ. ಎಂಜಿನ್‌ನ ಮೊದಲ ಆಯ್ಕೆಯೇ ಬರಬೇಕೆಂದಿಲ್ಲ. ಬೇರೆ ಒಳ್ಳೆಯ ನಡೆಯನ್ನೂ ಅದು ಒಪ್ಪುತ್ತದೆ. ಉತ್ತರ ಹೇಳದೆ ಪ್ರಶ್ನೆ ಕೇಳುವ ಈ ಗುಣ ಒಳ್ಳೆಯ ಮೇಷ್ಟರದ್ದು. ಬಾಣದ ಗುರುತು ನೋಡಿ ‘ಓಹೋ, ಇದಾ’ ಎಂದು ತಲೆಯಾಡಿಸಿ ಮುಂದೆ ಹೋಗುವುದಕ್ಕೂ, ಹತ್ತು ನಿಮಿಷ ಅದೇ ಸ್ಥಿತಿಯ ಮುಂದೆ ಕುಳಿತು ತಾನೇ ಕಂಡುಕೊಳ್ಳುವುದಕ್ಕೂ ಇರುವ ಅಂತರವನ್ನು ನಾನು ನನ್ನ ಮುಂದಿನ ಪಂದ್ಯಾವಳಿಗಳಲ್ಲಿ ಕಂಡಿದ್ದೇನೆ. ಬಾಣ ನೋಡಿ ಕಲಿತದ್ದು ಒಂದು ವಾರ ಉಳಿಯಲಿಲ್ಲ.

ಈ ಭಾಗ ಮುಗಿದ ಮೇಲೆ ಎದುರು ಬಣ್ಣದ ತಪ್ಪುಗಳನ್ನೂ ನೋಡಬಹುದು ಎಂಬ ಆಯ್ಕೆ ಕಾಣಿಸಿಕೊಳ್ಳುತ್ತದೆ. ಹೆಚ್ಚಿನವರು ಅದನ್ನು ಒತ್ತುವುದಿಲ್ಲ. ಅವರ ತಪ್ಪು ನಮಗೇಕೆ ಎಂದುಕೊಳ್ಳುತ್ತಾರೆ. ಆದರೆ ಎದುರಾಳಿಯ ಪ್ರತಿಯೊಂದು ತಪ್ಪೂ ನಮ್ಮ ಕೈಗೆ ಬಂದ ಒಂದು ಅವಕಾಶ. ಅದನ್ನು ನಾವು ಬಳಸಿಕೊಂಡೆವೋ ಬಿಟ್ಟೆವೋ ಎಂಬುದೇ ಹವ್ಯಾಸಿ ಮಟ್ಟದ ಆಟಗಳ ಫಲಿತಾಂಶವನ್ನು ಹೆಚ್ಚಾಗಿ ನಿರ್ಧರಿಸುತ್ತದೆ. ಈಗ ನಾನು ಎರಡೂ ಬಣ್ಣಗಳನ್ನು ನೋಡುತ್ತೇನೆ, ಅದರಲ್ಲೂ ಎದುರಾಳಿಯ ತಪ್ಪುಗಳನ್ನು ಮೊದಲು ನೋಡುತ್ತೇನೆ.

ಇದೇ ವಿಷಯದಲ್ಲಿ ಇನ್ನೊಂದು ಸಲಕರಣೆ ಇದೆ. ಅದು ನಮ್ಮ ಪ್ರೊಫೈಲ್‌ನ ಒಳಗೆ ಸ್ವಲ್ಪ ಮರೆಯಾಗಿ ಕುಳಿತಿದೆ. ಅದರ ಹೆಸರು ಚೆಸ್ ಇನ್‌ಸೈಟ್ಸ್. ನಾವು ತಾಣದಲ್ಲಿ ಆಡಿದ, ವಿಶ್ಲೇಷಣೆಯಾದ ಆಟಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡು, ಯಾವ ಕಾಯಿ ನಡೆಸುವಾಗ ಹೆಚ್ಚು ತಪ್ಪುತ್ತೇವೆ, ಆಟದ ಯಾವ ಹಂತದಲ್ಲಿ ತಪ್ಪುತ್ತೇವೆ ಎಂಬಂಥ ಪ್ರಶ್ನೆಗಳಿಗೆ ಅದು ಪಟ್ಟಿಗಳಲ್ಲಿ ಉತ್ತರ ಕೊಡುತ್ತದೆ. ಅದರಲ್ಲಿ ಒಂದು ಅಳತೆಯಿದೆ: ಎದುರಾಳಿಗಳು ಘೋರ ತಪ್ಪು ಮಾಡಿದಾಗ ಅದನ್ನು ನಾವು ಎಷ್ಟು ಸಲ ಬಳಸಿಕೊಂಡೆವು ಎಂಬುದು. ಎಲ್ಲ ತಪ್ಪುಗಳಿಗೂ ಶಿಕ್ಷೆ ಕೊಟ್ಟಿದ್ದರೆ 100, ಒಂದಕ್ಕೂ ಕೊಡದಿದ್ದರೆ 0. ಅದರ ಪಕ್ಕದಲ್ಲೇ ಲಕ್ ಎಂಬ ಅಳತೆ: ನಮ್ಮ ತಪ್ಪುಗಳನ್ನು ಎದುರಾಳಿಗಳು ಎಷ್ಟು ಸಲ ಕಾಣದೆ ಬಿಟ್ಟರು ಎಂಬುದು. ನನ್ನ ಮೊದಲ ಅಳತೆಯನ್ನು ನೋಡಿದಾಗ ಅದು ಅರ್ಧಕ್ಕಿಂತ ಸ್ವಲ್ಪವೇ ಮೇಲಿತ್ತು. ಅಲ್ಲಿಯವರೆಗೆ ನಾನು ನನ್ನ ದೌರ್ಬಲ್ಯ ಆರಂಭದ ನಡೆಗಳಲ್ಲಿದೆ ಎಂದು ತಿಳಿದು, ಆರಂಭದ ಸಾಲುಗಳನ್ನು ಕಂಠಪಾಠ ಮಾಡುವುದರಲ್ಲೇ ವರ್ಷಗಳನ್ನು ಕಳೆದಿದ್ದೆ. ಪಟ್ಟಿ ಹೇಳಿದ್ದು ಬೇರೆ: ಆರಂಭದಲ್ಲಿ ನನಗೆ ದೊಡ್ಡ ನಷ್ಟವೇನೂ ಇರಲಿಲ್ಲ, ಆಟದ ನಡುವೆ ಕೈಗೆ ಬಂದದ್ದನ್ನು ಬಿಡುವುದೇ ನನ್ನ ರೋಗವಾಗಿತ್ತು. ತಾಣ ಕೊಡುವ ಅಂಕಿಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಾನು ಇದನ್ನು ಇಟ್ಟುಕೊಳ್ಳುತ್ತೇನೆ.

ಬಿಟ್ಟುಬಿಡಬಹುದಾದ ಅಂಕಿ ಯಾವುದು ಎಂದರೆ, ಎಲ್ಲರ ಕಣ್ಣೂ ಮೊದಲು ಹೋಗುವ ಅಕ್ಯುರಸಿ, ಎಂದರೆ ನಮ್ಮ ನಡೆಗಳ ನಿಖರತೆಯ ಶೇಕಡಾವಾರು. ನನ್ನ ಅಕ್ಕನ ಮಗ ಹನ್ನೊಂದು ವರ್ಷದವನು, ಭಾನುವಾರ ನಮ್ಮ ಮನೆಗೆ ಬಂದು ಆಡುತ್ತಾನೆ. ಒಂದು ದಿನ ಆಟ ಸೋತು, ವಿಶ್ಲೇಷಣೆ ತೆರೆದು, ಸಿಟ್ಟಿನಿಂದ ನನ್ನ ಕಡೆ ತಿರುಗಿದ: “ಮಾವ, ನಂದು ಎಂಬತ್ತೆಂಟು ಪರ್ಸೆಂಟ್ ಇದೆ ನೋಡು. ಆದ್ರೂ ನಾನು ಹೆಂಗೆ ಸೋತೆ?” ಅವನ ಪ್ರಶ್ನೆ ಸರಿಯಾದ ಪ್ರಶ್ನೆ. ಅವನು ನಲವತ್ತು ನಡೆಗಳಲ್ಲಿ ಮೂವತ್ತೊಂಬತ್ತನ್ನು ಚೆನ್ನಾಗಿ ಆಡಿ, ಒಂದರಲ್ಲಿ ಕುದುರೆಯ ಕವಲು ಹೊಡೆತಕ್ಕೆ ಮಂತ್ರಿಯನ್ನು ಕೊಟ್ಟಿದ್ದ. ಶಾಲೆಯ ಪರೀಕ್ಷೆಯಲ್ಲಿ ಮೂವತ್ತೊಂಬತ್ತು ಸರಿ ಉತ್ತರ ಬರೆದವರು ಉತ್ತೀರ್ಣರಾಗುತ್ತಾರೆ. ಚದುರಂಗದಲ್ಲಿ ನಲವತ್ತನೆಯದು ಉಳಿದೆಲ್ಲವನ್ನೂ ಅಳಿಸಿಹಾಕುತ್ತದೆ. ಮಕ್ಕಳು ಅಂಕಕ್ಕೆ ಒಗ್ಗಿಹೋಗಿರುವುದರಿಂದ ಆ ಶೇಕಡಾವಾರನ್ನು ಪರೀಕ್ಷೆಯ ಅಂಕದಂತೆ ಓದುತ್ತಾರೆ, ತಂದೆತಾಯಿಗಳು ಅದನ್ನೇ ಪರಸ್ಪರ ಹೋಲಿಸುತ್ತಾರೆ. ಪಂದ್ಯಾವಳಿಯ ಸಭಾಂಗಣದ ಹೊರಗೆ ‘ನಿನ್ನದು ಎಷ್ಟು ಬಂತು’ ಎಂಬ ಮಾತು ನನ್ನ ಕಿವಿಗೆ ಅನೇಕ ಸಲ ಬಿದ್ದಿದೆ. ಸುಲಭವಾದ, ಕಾಯಿಗಳು ಬೇಗ ವಿನಿಮಯವಾದ ಆಟದಲ್ಲಿ ಯಾರಿಗಾದರೂ ಹೆಚ್ಚಿನ ಶೇಕಡಾವಾರು ಬರುತ್ತದೆ. ಕಷ್ಟದ, ಹಲಗೆಯ ತುಂಬ ಬೆಂಕಿಯಿರುವ ಆಟದಲ್ಲಿ ಒಳ್ಳೆಯ ಆಟಗಾರರದ್ದೂ ಇಳಿಯುತ್ತದೆ. ಈ ಅಂಕಿಯನ್ನು ತಾಣವು ಅಷ್ಟು ಮೇಲೆ, ಅಷ್ಟು ಎದ್ದು ಕಾಣುವಂತೆ ಇಡಬಾರದಿತ್ತು ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಕೊರತೆ ಆ ಗೆಲುವಿನ ಸಾಧ್ಯತೆಯ ಲೆಕ್ಕದಿಂದಲೇ ಬರುತ್ತದೆ. ಆಗಲೇ 6 ಪದಾತಿಯಷ್ಟು ಹಿಂದಿರುವವರು ಇನ್ನೂ ಎರಡು ಕಳೆದುಕೊಂಡರೆ ಗೆಲುವಿನ ಸಾಧ್ಯತೆ ಹೆಚ್ಚೇನೂ ಬದಲಾಗುವುದಿಲ್ಲ, ಆದ್ದರಿಂದ ಆ ನಡೆಗೆ ಯಾವ ಗುರುತೂ ಬೀಳುವುದಿಲ್ಲ. ಎಂಜಿನ್‌ಗೆ ಆ ಆಟ ಮುಗಿದಿದೆ. ಮನುಷ್ಯರ ನಡುವಿನ ಆಟ ಹಾಗಲ್ಲ. ಸೋಲುತ್ತಿರುವ ಸ್ಥಿತಿಯಲ್ಲಿ ಎದುರಾಳಿಗೆ ಆದಷ್ಟು ತೊಂದರೆ ಕೊಡುವ, ಗಡಿಯಾರ ಓಡುತ್ತಿರುವಾಗ ತಪ್ಪು ಮಾಡಿಸುವ ನಡೆಯೊಂದು ಇರುತ್ತದೆ. ಅದನ್ನು ಆಡದೆ ಸುಮ್ಮನೆ ಕಾಯಿ ವಿನಿಮಯ ಮಾಡಿಕೊಂಡು ಸೋತರೆ ಅದೂ ಕೈಬಿಟ್ಟ ಅವಕಾಶವೇ. ಇಂಥ ಅವಕಾಶಗಳ ಬಗ್ಗೆ ಈ ವಿಶ್ಲೇಷಣೆ ಒಂದು ಮಾತನ್ನೂ ಆಡುವುದಿಲ್ಲ. ನನ್ನ ಹಳೆಯ ಸೋಲುಗಳಲ್ಲಿ ಗುರುತಿಲ್ಲದ ಈ ಕೊನೆಯ ಭಾಗಗಳನ್ನು ನಾನು ಬೇರೆಯಾಗಿ, ಎಂಜಿನ್ ಆರಿಸಿ, ಹಲಗೆಯ ಮೇಲೆ ಕಾಯಿ ಜೋಡಿಸಿಕೊಂಡು ನೋಡುತ್ತೇನೆ.

ಮೂರನೆಯದು, ಕಾರಣ. ಯಾವ ನಡೆ ತಪ್ಪು, ಯಾವುದು ಸರಿ ಎಂಬುದನ್ನು ಅದು ತೋರಿಸುತ್ತದೆ, ಏಕೆ ಎಂಬುದನ್ನು ಮಾತಿನಲ್ಲಿ ಹೇಳುವುದಿಲ್ಲ. ಮೇಟ್ ತಪ್ಪಿತು, ಮೇಟ್ ಅನಿವಾರ್ಯವಾಯಿತು ಎಂಬಂಥ ಸಂಗತಿಗಳನ್ನು ಹೊರತುಪಡಿಸಿದರೆ ಉಳಿದದ್ದೆಲ್ಲ ಅಂಕೆ ಮತ್ತು ನಡೆಗಳ ಸಾಲು. ಅಂಕ ತಿಳಿದವರಿಗೆ ಅದು ಸಾಕು. ಆದರೆ 0.8ರಷ್ಟು ಕುಸಿದ ಒಂದು ಶಾಂತ ನಡೆಯ ಹಿಂದಿನ ಕಾರಣ, ಎಂದರೆ ಯಾವ ಮನೆ ದುರ್ಬಲವಾಯಿತು, ಯಾವ ಒಂಟೆ ನಿರುಪಯುಕ್ತವಾಯಿತು ಎಂಬುದು, ಕಲಿಯುವವರಿಗೆ ಆ ಸಾಲುಗಳಿಂದ ತಿಳಿಯುವುದು ಕಷ್ಟ. ಅಲ್ಲಿ ಒಬ್ಬ ಅನುಭವಿ ಮನುಷ್ಯ ಬೇಕು. ನಮ್ಮ ರಾಜ್ಯಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದೇ 2017ರಲ್ಲಿ, ಮೈಸೂರಿನ ಎಂ. ಎಸ್. ತೇಜ್‌ಕುಮಾರ್ ಅವರ ಮೂಲಕ; ಇಂದಿಗೂ ದೊಡ್ಡ ಊರುಗಳ ಹೊರಗೆ ಒಳ್ಳೆಯ ತರಬೇತುದಾರರು ಸಿಗುವುದು ಸುಲಭವಲ್ಲ. ತಾಣದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಅನುವಾದ ಮಾಡುವವರು ಸ್ವಯಂಸೇವಕರೇ. ಆನೆ, ಒಂಟೆ, ಕುದುರೆ, ಮಂತ್ರಿ ಎಂದು ತಲೆಮಾರುಗಳಿಂದ ಆಡುತ್ತಾ ಬಂದ ನಮ್ಮ ಮಾತಿನಲ್ಲಿ ತಪ್ಪಿನ ಕಾರಣವನ್ನೂ ವಿವರಿಸುವ ದಿನ ಬಂದರೆ ಹಳ್ಳಿಯ ಶಾಲೆಯ ಮಗುವಿಗೆ ಅದಕ್ಕಿಂತ ದೊಡ್ಡ ಸಹಾಯ ಇನ್ನೊಂದಿರಲಾರದು.

ಕೊನೆಯಾಟದ ವಿಷಯದಲ್ಲಿ ಮಾತ್ರ ನನಗೆ ಯಾವ ದೂರೂ ಇಲ್ಲ. ಹಲಗೆಯ ಮೇಲೆ ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿ ಉಳಿದಾಗ ಎಂಜಿನ್‌ನ ಅಂದಾಜಿನ ಬದಲು ಟೇಬಲ್‌ಬೇಸ್ ಎಂಬ ಪೂರ್ವನಿರ್ಧರಿತ ಉತ್ತರಗಳ ಭಂಡಾರ ತೆರೆದುಕೊಳ್ಳುತ್ತದೆ. ಅದರಲ್ಲಿ ಅಂದಾಜಿಗೆ ಜಾಗವೇ ಇಲ್ಲ. ಪ್ರತಿಯೊಂದು ನಡೆಯ ಎದುರೂ ಗೆಲುವು, ಡ್ರಾ, ಸೋಲು ಎಂದು ಖಚಿತವಾಗಿ ಬರೆದಿರುತ್ತದೆ. ನನ್ನ ಐದನೆಯ ಸುತ್ತಿನ ಆಟ ಕೊನೆಗೆ ಬಂದು ನಿಂತದ್ದು ಇಲ್ಲಿ: ಬಿಳಿಯ ರಾಜ ಡಿ5ರಲ್ಲಿ, ಬಿಳಿಯ ಒಂದೇ ಪದಾತಿ ಇ6ರಲ್ಲಿ, ನನ್ನ ರಾಜ ಇ7ರಲ್ಲಿ. 59ನೆಯ ನಡೆ, ಆಡಬೇಕಾದವನು ನಾನು, ಗಡಿಯಾರದಲ್ಲಿ ನಲವತ್ತು ಸೆಕೆಂಡು. ನನ್ನ ರಾಜ ಹೋಗಬಹುದಾದ ಮನೆಗಳು ನಾಲ್ಕೇ. ಇ8ಕ್ಕೆ ನೇರವಾಗಿ ಹಿಂದೆ ಸರಿದರೆ ಡ್ರಾ. ಉಳಿದ ಮೂರೂ ಸೋಲು. ನಾನು ಎದುರಾಳಿಯ ರಾಜನಿಗೆ ಅಡ್ಡ ನಿಲ್ಲುವ ಆತುರದಲ್ಲಿ ಡಿ8ಕ್ಕೆ ಸರಿದೆ. ಅವರ ರಾಜ ಡಿ6ಕ್ಕೆ ಬಂತು. ನಾನು ಇ8ಕ್ಕೆ ಹೋದೆ, ಪದಾತಿ ಇ7ಕ್ಕೆ ಏರಿತು, ನನ್ನ ರಾಜ ಎಫ್7ಕ್ಕೆ ಹೋಗದೆ ಬೇರೆ ದಾರಿಯಿರಲಿಲ್ಲ, ಅವರ ರಾಜ ಡಿ7ಕ್ಕೆ ಬಂದು ಪದಾತಿಗೆ ಮಂತ್ರಿಯಾಗುವ ಮನೆಯನ್ನು ತೆರೆದುಕೊಟ್ಟಿತು. ನಾನು ಸೋಲೊಪ್ಪಿ ಕೈಕುಲುಕಿದೆ. ಮೊದಲೇ ಇ8ಕ್ಕೆ ಹೋಗಿದ್ದರೆ, ಅವರ ರಾಜ ಡಿ6ಕ್ಕೆ ಬಂದಾಗ ನಾನು ಡಿ8ಕ್ಕೆ, ಎಫ್6ಕ್ಕೆ ಬಂದಾಗ ಎಫ್8ಕ್ಕೆ ಎದುರುಬದುರಾಗಿ ನಿಲ್ಲುತ್ತಿದ್ದೆ. ಪದಾತಿ ಇ7ಕ್ಕೆ ಬಂದು ಚೆಕ್ ಕೊಟ್ಟರೆ ಮತ್ತೆ ಇ8ಕ್ಕೆ ಬರುತ್ತಿದ್ದೆ. ಅವರು ಪದಾತಿಯನ್ನು ಕಾಯಲು ರಾಜನನ್ನು ಇ6ಕ್ಕೆ ತಂದರೆ ನನಗೆ ನಡೆಯೇ ಇಲ್ಲದೆ ಆಟ ಸಮವಾಗುತ್ತಿತ್ತು. ಟೇಬಲ್‌ಬೇಸ್‌ನ ಪುಟ್ಟ ಪಟ್ಟಿಯಲ್ಲಿ ಆ ನಾಲ್ಕು ನಡೆಗಳು ಒಂದರ ಕೆಳಗೊಂದು ನಿಂತಿದ್ದುದನ್ನು ನೋಡಿದ ಮೇಲೆ ಆ ಸ್ಥಿತಿಯನ್ನು ನಾನು ಇನ್ನೆಂದೂ ಮರೆಯಲಾರೆ.

ಸಮಯದ ವಿಷಯವನ್ನು ಸಣ್ಣದಾಗಿ ಹೇಳಿಬಿಡುತ್ತೇನೆ. ತಾಣದಲ್ಲೇ ಆಡಿದ ಆಟಗಳಿಗೆ ಪ್ರತಿ ನಡೆಗೆ ಎಷ್ಟು ಹೊತ್ತು ತೆಗೆದುಕೊಂಡೆವು ಎಂಬ ಇನ್ನೊಂದು ಗ್ರಾಫ್ ಸಿಗುತ್ತದೆ. ತಪ್ಪಿನ ಗ್ರಾಫ್‌ನ ಜೊತೆ ಅದನ್ನಿಟ್ಟು ನೋಡಿದರೆ ಅವಸರದಿಂದ ಮಾಡಿದ ತಪ್ಪು ಯಾವುದು, ಯೋಚಿಸಿಯೂ ಮಾಡಿದ ತಪ್ಪು ಯಾವುದು ಎಂದು ಬೇರ್ಪಡಿಸಬಹುದು. ಎರಡಕ್ಕೂ ಮದ್ದು ಬೇರೆ. ಹಲಗೆಯ ಮೇಲೆ ಆಡಿದ ಆಟಗಳಿಗೆ ಈ ಸೌಲಭ್ಯ ತಾನಾಗಿ ಬರುವುದಿಲ್ಲವಾದ್ದರಿಂದ ನಾನು ಸ್ಕೋರ್‌ಶೀಟ್‌ನ ಅಂಚಿನಲ್ಲಿ ಐದು ನಡೆಗೊಮ್ಮೆ ಗಡಿಯಾರದ ಹೊತ್ತನ್ನು ಬರೆದುಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದೇನೆ. ಕಾಗದದಿಂದ ನಡೆಗಳನ್ನು ತುಂಬುವುದು ಬೇಸರದ ಕೆಲಸ, ಅರವತ್ತು ನಡೆಯ ಆಟಕ್ಕೆ ಕಾಲು ಗಂಟೆ ಹಿಡಿಯುತ್ತದೆ. ಸ್ಟಡಿ ಎಂಬ ವಿಭಾಗದಲ್ಲಿ ಒಂದು ಪಂದ್ಯಾವಳಿಯ ಎಲ್ಲ ಸುತ್ತುಗಳನ್ನು ಅಧ್ಯಾಯಗಳಾಗಿ ಸೇರಿಸಿಟ್ಟು, ನಡೆಗಳ ಪಕ್ಕದಲ್ಲಿ ಕನ್ನಡದಲ್ಲೇ ಟಿಪ್ಪಣಿ ಬರೆದು, ಗೆಳೆಯರೊಂದಿಗೆ ಹಂಚಿಕೊಳ್ಳಬಹುದು. ನಾವು ನಾಲ್ವರು ಹೀಗೆಯೇ ಒಬ್ಬರ ಆಟವನ್ನು ಇನ್ನೊಬ್ಬರು ನೋಡುತ್ತೇವೆ. ಮೊಬೈಲ್‌ನಲ್ಲಿಯೂ ಇದೆಲ್ಲ ನಡೆಯುತ್ತದೆ, ಆದರೆ ಗ್ರಾಫ್‌ನ ಮುಳ್ಳುಗಳನ್ನು ಸರಿಯಾಗಿ ನೋಡಲು ದೊಡ್ಡ ಪರದೆಯೇ ಒಳ್ಳೆಯದು.

ಹೊಸದಾಗಿ ಬಳಸುವವರಿಗೆ ನನ್ನ ಒಂದೇ ಬೇಡಿಕೆ ಇದೆ. ವಿಶ್ಲೇಷಣೆಯ ಗುಂಡಿಯನ್ನು ಒತ್ತುವ ಮೊದಲು ಆಟವನ್ನು ಒಮ್ಮೆ ನೀವೇ ಆಡಿ ನೋಡಿ, ಎಲ್ಲಿ ತಪ್ಪಿತು ಎಂದು ನಿಮಗನಿಸುತ್ತದೆಯೋ ಅಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ. ಆಮೇಲೆ ಎಂಜಿನ್‌ನ ಗುರುತುಗಳನ್ನು ಅದರ ಪಕ್ಕದಲ್ಲಿಡಿ. ಐದನೆಯ ಸುತ್ತಿನ ನನ್ನ ಹಾಳೆಯಲ್ಲಿ ನಾನು ಮೂರು ಕಡೆ ಗುರುತು ಹಾಕಿದ್ದೆ. ಅವುಗಳಲ್ಲಿ ಒಂದು 59ನೆಯ ನಡೆ, ಅದು ಸರಿಯಾಗಿತ್ತು. ಉಳಿದೆರಡು ಕಡೆ ಎಂಜಿನ್‌ಗೆ ಯಾವ ದೂರೂ ಇರಲಿಲ್ಲ. 31ನೆಯ ನಡೆಯ ಎದುರು ನನ್ನ ಪೆನ್ಸಿಲ್ ಗುರುತು ಇರಲಿಲ್ಲ. ಈಗ ಅಲ್ಲಿ ಕೆಂಪು ಪೆನ್ನಿನ ಒಂದು ವೃತ್ತವಿದೆ, ಅದರ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ‘ಮಂತ್ರಿ ಡಿ1’ ಎಂದು ಬರೆದಿದೆ.